ನಲವತ್ತಮೂರನೆಯ ಮನೆ

ತರೀಕೆರೆಯ ಕಾಲೇಜಿನಲ್ಲಿ ನಾನು ಕೆಮಿಸ್ಟ್ರಿ ಹೇಳಿಕೊಟ್ಟ ಅಷ್ಟೂ ವರ್ಷ ಲ್ಯಾಬಿನ ಗೋಡೆಯ ಮೇಲೆ ಎರಡು ಚಾರ್ಟ್ ಇದ್ದವು. ಒಂದು ಹೊಸದು, ಪ್ಲಾಸ್ಟಿಕ್ಕಿನದು. ಇನ್ನೊಂದು ಹಳೇ ಮೈಸೂರು ಸರ್ಕಾರದ ಕಾಲದ್ದು, ಬಟ್ಟೆಗೆ ಅಂಟಿಸಿದ ಕಾಗದ, ಅಂಚನ್ನೆಲ್ಲ ಜಿರಲೆ ತಿಂದಿತ್ತು. ಎರಡೂ ಧಾತುಗಳ ಪಟ್ಟಿಯೇ. ಒಂದು ಧಾತುವಿಗೆ ಒಂದು ಚೌಕ. ಆ ಚೌಕವನ್ನು ನಮ್ಮ ಹುಡುಗರು ಚೌಕಾಬಾರದ ಲೆಕ್ಕದಲ್ಲಿ ಮನೆ ಎನ್ನುತ್ತಿದ್ದರು, ನನಗೂ ಅದೇ ರೂಢಿಯಾಯಿತು. ನಲವತ್ತಮೂರನೆಯ ಮನೆಯಲ್ಲಿ ಮಾತ್ರ ಎರಡು ಚಾರ್ಟಿಗೂ ಜಗಳ. ಹಳೆಯದರಲ್ಲಿ ಮಸೂರಿಯಂ ಎಂದಿತ್ತು, ಹೊಸದರಲ್ಲಿ ಟೆಕ್ನೀಶಿಯಂ.

ಪ್ರತಿ ವರ್ಷ ಹೊಸ ಮಕ್ಕಳು ಬಂದ ಮೊದಲ ವಾರ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ಇವೆರಡರಲ್ಲಿ ಯಾವುದು ಸುಳ್ಳು ಹೇಳುತ್ತಿದೆ? ಯಾರಿಗೂ ಗೊತ್ತಿರುತ್ತಿರಲಿಲ್ಲ. ಆಗ ನಾನು ಕಥೆ ಶುರುಮಾಡುತ್ತಿದ್ದೆ. ಆ ಮನೆ ಬಹಳ ಕಾಲ ಖಾಲಿ ಬಿದ್ದಿತ್ತು. ಅಲ್ಲೊಂದು ಧಾತು ಇರಲೇಬೇಕು, ಮ್ಯಾಂಗನೀಸಿನ ಕೆಳಗೆ ಕೂರಬೇಕು, ಬೆಳ್ಳಿಬೂದಿ ಬಣ್ಣದ ಲೋಹವಾಗಿರಬೇಕು ಎಂದು ಲೆಕ್ಕ ಹೇಳುತ್ತಿತ್ತು. ಯಾವ ಕಲ್ಲು ಕುಟ್ಟಿ ನೋಡಿದರೂ ಸಿಗದು. ಸಿಕ್ಕಿತು ಎಂದು ಹಲವರು ಹೇಳಿದರು, ಹೆಸರೂ ಇಟ್ಟರು, ಆಮೇಲೆ ತಪ್ಪಾಯಿತೆಂದು ಹೆಸರು ಒರೆಸಿದರು. ಮಸೂರಿಯಂ ಅಂಥದೊಂದು ಒರೆಸಿಹೋದ ಹೆಸರು. ಕೊನೆಗೆ ಅದನ್ನು ಯಾರೂ ಹುಡುಕಲಿಲ್ಲ, ಯಂತ್ರದೊಳಗೆ ಮಾಡಿದರು. ಮಾಡಿದ ಮೇಲೂ ಹತ್ತು ವರ್ಷ ಅದಕ್ಕೆ ಹೆಸರಿರಲಿಲ್ಲ. ಆಮೇಲೆ ಇಟ್ಟ ಹೆಸರಿಗೆ ಗ್ರೀಕಿನಲ್ಲಿ ‘ಕೃತಕವಾದದ್ದು’ ಎಂದಷ್ಟೇ ಅರ್ಥ. ಊರಿನ ಹೆಸರಲ್ಲ, ದೇವರ ಹೆಸರಲ್ಲ. ಹೇಗೆ ಬಂತೋ ಅದನ್ನೇ ಹೆಸರು ಮಾಡಿ ಕೈತೊಳೆದುಕೊಂಡರು.

ಕೆಮ್ಮಣ್ಣುಗುಂಡಿ ಕಡೆಯ ಹುಡುಗರು ಕಬ್ಬಿಣದ ಅದಿರನ್ನು ಜೇಬಿನಲ್ಲಿ ತಂದು ಮೇಜಿನ ಮೇಲಿಡುತ್ತಿದ್ದರು. ಅಜ್ಜಂಪುರದವರಿಗೆ ತಮ್ಮ ಸೀಮೆಯಲ್ಲಿ ಹಿಂದೆ ಚಿನ್ನ ಅಗೆದಿದ್ದರು ಎಂಬ ಜಂಬ. ನಾನೂ ಅಜ್ಜಂಪುರದವಳೇ, ಆ ಜಂಬ ನನಗೂ ಇತ್ತು. “ಹಂಗಾರೆ ನಲವತ್ಮೂರು ಎಲ್ ಸಿಗುತ್ತೆ ಮಿಸ್?” ಎಂದು ಒಬ್ಬ ಕೇಳಿಯೇ ಕೇಳುತ್ತಿದ್ದ. ಎಲ್ಲೂ ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ನನಗೆ ಅದಾಗದು. ಯುರೇನಿಯಂ ಅದಿರಿನಲ್ಲಿ ಎಳ್ಳಿನ ತುದಿಯಷ್ಟು ಇದ್ದೀತು, ಆದ್ದರಿಂದ ‘ಎಲ್ಲೂ ಇಲ್ಲ’ ಎನ್ನುವುದು ಸರಿಯಾದ ಉತ್ತರವಲ್ಲ ಎಂದು ಹತ್ತು ನಿಮಿಷ ಕೊರೆಯುತ್ತಿದ್ದೆ. ‘ಸುಮಾರು’ ಎಂದು ಬರೆದವರಿಗೆ ಅರ್ಧ ಮಾರ್ಕು ಕಡಿಮೆ ಕೊಡುವ ಜಾತಿ ನಾನು. ಈ ಗುಣದಿಂದ ಒಳ್ಳೆಯ ಫಲಿತಾಂಶ ಬಂತು, ಸ್ನೇಹಿತರು ಬರಲಿಲ್ಲ.

ಮದುವೆ ಆಗಲಿಲ್ಲ. ಕಾರಣ ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ, ಎಲ್ಲವೂ ನಿಜವೇ. ಕಡೂರಿನಲ್ಲಿ ಸ್ಟೇಷನ್ನಿಗೆ ಹತ್ತಿರ ಸಣ್ಣ ಮನೆ ಕಟ್ಟಿಸಿ, ನಡುವೆ ಒಂಬತ್ತಿಂಚಿನ ಗೋಡೆ ಎಬ್ಬಿಸಿ ಎರಡು ಪಾಲು ಮಾಡಿದೆ. ಒಂದರಲ್ಲಿ ನಾನು, ಇನ್ನೊಂದು ಬಾಡಿಗೆಗೆ. ಗೋಡೆಯಲ್ಲೊಂದು ಬಾಗಿಲು ಬಿಡಿಸಿದ್ದೆ. ಮುಂದೆ ಯಾರಾದರೂ ಜೊತೆಗೆ ಬಂದು ಇರುವುದಾದರೆ ಎರಡನ್ನೂ ಸೇರಿಸಿಕೊಳ್ಳಬಹುದು ಎಂಬ ಆಸೆ. ಯಾರೂ ಬರಲಿಲ್ಲ. ಬಾಗಿಲಿಗೆ ಎರಡೂ ಕಡೆ ಅಗುಳಿ ಹಾಕಿ, ನನ್ನ ಕಡೆಯಿಂದ ಅದಕ್ಕೆ ಅಡ್ಡಲಾಗಿ ಪುಸ್ತಕದ ಬೀರು ಇಟ್ಟಿದ್ದೆ.

ಈಗ ಬಾಡಿಗೆಗಿರುವ ಗಂಡಹೆಂಡತಿ ಬಂದು ಮೂರು ವರ್ಷವಾಯಿತು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವಳದು ಹಿರೇನಲ್ಲೂರು, ಬಿ.ಕಾಂ. ಓದಿದ ಹುಡುಗಿ, ಮಾತು ಕಡಿಮೆ. ಹೋದ ವರ್ಷ ನನ್ನ ಎಡ ಎದೆಯಲ್ಲಿ ಗಂಟು ಸಿಕ್ಕಿ ಆಪರೇಷನ್ ಆಯಿತು. ಮನೆಗೆ ಬಂದ ದಿನ ನಾನು ಕೈ ಎತ್ತಿ ಒಲೆಯ ಮೇಲಿನ ಡಬ್ಬ ತೆಗೆಯಲಾಗದೆ ನಿಂತಿದ್ದಾಗ, ಆ ಕಡೆಯಿಂದ ಬಾಗಿಲು ತಟ್ಟಿದಳು. “ಮಿಸ್, ಬೀರು ಆ ಕಡೆ ತಳ್ಳುಸ್ತೀನಿ, ನಮ್ ಯಜಮಾನ್ರು ಬತ್ತಾರೆ” ಎಂದಳು. ಬೀರು ಸರಿಯಿತು. ಹದಿನೈದು ದಿನ ರವೆಗಂಜಿ, ಮೆಣಸಿನ ಸಾರು, ಮೆತ್ತಗಿನ ಮುದ್ದೆ ಆ ಬಾಗಿಲಿನಿಂದಲೇ ಬಂದವು. ಗಂಜಿಯ ಜೊತೆ ಅವಳ ಮಗಳೂ ಬಂದಳು. ಆಗ ಮೂರು ತುಂಬಿರಲಿಲ್ಲ.

ಊರಿಗೆಲ್ಲ ನಾನು ಮಿಸ್. ನಿವೃತ್ತಿಯಾದರೂ ಮಿಸ್ಸೇ. ಹಾಲಿನವನು, ಅಂಚೆಯವನು, ಬ್ಯಾಂಕಿನವರು ಎಲ್ಲರಿಗೂ ಅಷ್ಟೇ. ಅಜ್ಜಂಪುರದ ತಮ್ಮನಿಗೆ ಅಕ್ಕ. ನನ್ನ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ. ನಲವತ್ತಮೂರನೆಯದರ ಹಾಗೆ ನಾನು ಮಾಡಿದ ಕೆಲಸವೇ ನನ್ನ ಹೆಸರಾಗಿತ್ತು. ಈ ಮಗು ಅದಕ್ಕೊಂದು ಬಾಲ ಸೇರಿಸಿ ‘ಮಿಸ್ಸಜ್ಜಿ’ ಮಾಡಿತು. ಸಾಯಂಕಾಲ ಐದೂವರೆಗೆ ಸ್ಟೀಲ್ ಸೌಟು ಹಿಡಿದು ಬಾಗಿಲಿಗೆ ಟಣಟಣ ಬಾರಿಸುವುದು, ನಾನು ಅಗುಳಿ ತೆಗೆಯುವುದು, ಅದು ಬಂದು, ನಾನು ಕಾಲೇಜಿನಿಂದ ತಂದು ಗೋಡೆಗೆ ಹಾಕಿಕೊಂಡಿದ್ದ ಹಳೇ ಚಾರ್ಟಿನ ಕೆಳಗೆ ಬೋರಲು ಮಲಗಿ ಅವಲಕ್ಕಿ ತಿನ್ನುವುದು. ಏಳು ಗಂಟೆಯವರೆಗೂ ಬಾಯಿಗೆ ಬಿಡುವಿಲ್ಲ. “ಇದ್ಯಾರ ಮನೆ?” ಎಂದು ಒಂದೊಂದೇ ಚೌಕ ತೋರಿಸಿ ಕೇಳುತ್ತಿತ್ತು. ಕಬ್ಬಿಣದ ಮನೆ, ಚಿನ್ನದ ಮನೆ, ಸುಣ್ಣದಲ್ಲಿರುವ ಕ್ಯಾಲ್ಸಿಯಮ್ಮಿನ ಮನೆ. ನನ್ನ ದಿನದಲ್ಲಿ ಮಾತು ಎಂಬುದು ಇದ್ದದ್ದು ಆ ಒಂದೂವರೆ ಗಂಟೆಯಷ್ಟೇ. ಬೆಳಿಗ್ಗೆ ಎದ್ದರೆ ನಾನು ಐದೂವರೆಯನ್ನೇ ಕಾಯುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ಆಗ ನಾಚಿಕೆಯಾಗುತ್ತಿತ್ತು, ಈಗ ಇಲ್ಲ.

ಈ ವರ್ಷ ಬೆನ್ನು ನೋವು ಶುರುವಾಯಿತು. ಎದೆಯ ಕ್ಯಾನ್ಸರ್ ಆದವರಿಗೆ ಬೆನ್ನು ನೋವು ಬಂದರೆ ಡಾಕ್ಟರು ಸುಮ್ಮನಿರುವುದಿಲ್ಲ, ಮೂಳೆಗೆ ಹರಡಿದೆಯೇ ನೋಡಬೇಕು ಎಂದರು. ಬೆಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಲು ಚೀಟಿ ಬರೆದರು. ತಮ್ಮನಿಗೆ ಹೇಳಲಿಲ್ಲ, ಹೇಳಿದರೆ ಹೊರಟು ಬರುತ್ತಾನೆ. ಪಕ್ಕದವಳಿಗೆ ಮಾತ್ರ ಹೇಳಿದೆ, ಮನೆಯ ಕಡೆ ನೋಡಿಕೊಂಡಿರಲಿ ಎಂದು. ಆಗ ಅವಳು ಮತ್ತೆ ಆರು ತಿಂಗಳ ಬಸುರಿ. “ಒಬ್ರೇ ಹೋಗ್ತೀರಾ ಮಿಸ್?” ಎಂದಳು. ಒಬ್ಬಳೇ ಹೋಗಿ ಅಭ್ಯಾಸವಿದೆ ಎಂದೆ.

ಅಲ್ಲಿ ಕೈಯ ನರಕ್ಕೆ ಒಂದು ಸೂಜಿ ಕೊಟ್ಟರು. ಏನಪ್ಪಾ ಇದು ಎಂದು ಕೇಳಿದೆ. ಸೂಜಿ ಕೊಟ್ಟವನು ಎಳೆಯ ವಯಸ್ಸಿನವನು, ಟೆಕ್ನೀಶಿಯಂ ಎಂದ. ನನಗೆ ಎದ್ದು ಕೂರುವಂತಾಯಿತು. ಜೀವಮಾನವಿಡೀ ಗೋಡೆಯ ಮೇಲೆ ಕೋಲಿಟ್ಟು ತೋರಿಸಿದ ವಸ್ತು, ಒಮ್ಮೆಯೂ ಕಣ್ಣಲ್ಲಿ ಕಾಣದ್ದು, ಈಗ ನನ್ನ ರಕ್ತದಲ್ಲಿದೆ. ಅದರ ಪಾತ್ರೆಗೆ ನಾವು ಹಸು ಎನ್ನುತ್ತೇವೆ ಎಂದು ಅವನೇ ಹೇಳಿದ. ಪಾತ್ರೆಯೊಳಗೆ ಮಾಲಿಬ್ಡಿನಂ ಇರುತ್ತದೆ, ಅದು ನಿಧಾನಕ್ಕೆ ಟೆಕ್ನೀಶಿಯಂ ಆಗುತ್ತಿರುತ್ತದೆ. ಬೆಳಿಗ್ಗೆ ಬಂದು ಹಾಲು ಕರೆದ ಹಾಗೆ ಕರೆದುಕೊಳ್ಳುವುದು, ನಾಳೆಗೆ ಮತ್ತೆ ಕೆಚ್ಚಲು ತುಂಬಿರುತ್ತದೆ. ಇದನ್ನು ಯಾರಿಗಾದರೂ ಹೇಳಬೇಕು ಎನ್ನಿಸಿ ಸುತ್ತ ನೋಡಿದೆ. ಕಾಯುವ ಕೋಣೆಯಲ್ಲಿದ್ದವರೆಲ್ಲ ಅವರವರ ಭಯದಲ್ಲಿದ್ದರು. ಸುಮ್ಮನೆ ನೀರು ಕುಡಿಯುತ್ತ ಕೂತೆ.

ಸ್ಕ್ಯಾನ್ ಮುಗಿದ ಮೇಲೆ ಒಂದು ಕಾಗದ ಕೊಟ್ಟರು. ಚೆನ್ನಾಗಿ ನೀರು ಕುಡಿಯಿರಿ, ಒಂದು ದಿನ ಚಿಕ್ಕ ಮಕ್ಕಳಿಂದ, ಬಸುರಿಯರಿಂದ ದೂರವಿರಿ ಎಂದಿತ್ತು. ರೈಲಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ತುಮಕೂರಿನಲ್ಲಿ ಒಬ್ಬಳು ಕೂಸು ಎತ್ತಿಕೊಂಡು ಹತ್ತಿದಳು, ಚೀಲ ಮೇಲಿಡಬೇಕು, ನಮ್ಮ ಕಡೆಯವರ ಪದ್ಧತಿಯಂತೆ ಕೇಳದೆಯೇ ಕೂಸನ್ನು ನನ್ನ ಮಡಿಲ ಕಡೆ ಚಾಚಿದಳು. “ಒಸಿ ಹಿಡ್ಕಳಿ ಅಕ್ಕ.” ನಾನು ಕೈ ಹಿಂದಕ್ಕೆಳೆದು ಎದ್ದುಬಿಟ್ಟೆ. ಅವಳ ಮುಖ ಕಪ್ಪಿಟ್ಟಿತು. ಕಾರಣ ಹೇಳಿದ್ದರೆ ಇಡೀ ಬೋಗಿ ಗಾಬರಿಯಾಗುತ್ತಿತ್ತು. ಅಲ್ಲಿಂದ ಕಡೂರಿನವರೆಗೂ ಕಕ್ಕಸಿನ ಪಕ್ಕ, ಬಾಗಿಲ ಹತ್ತಿರ ನಿಂತೇ ಬಂದೆ. ತಿಪಟೂರಿನ ತೆಂಗಿನ ಸಾಲು, ಅರಸೀಕೆರೆಯ ಗುಡ್ಡ ಎಲ್ಲ ಹೋದವು. ಬೆನ್ನು ಸೀಳುವಂತೆ ನೋಯುತ್ತಿತ್ತು. ಮೂಳೆಗೆ ಬಂದಿದ್ದರೆ ಏನು ಮಾಡುವುದು, ಯಾರು ಮಾಡುವುದು ಎಂದು ಯೋಚಿಸಿದೆ. 

ಮನೆಗೆ ಬಂದು ನಡುವಿನ ಬಾಗಿಲು ತೆರೆಯದೆಯೇ, ಮಗುವನ್ನು ನಾಳೆ ಸಾಯಂಕಾಲದವರೆಗೂ ಕಳಿಸಬೇಡ ಎಂದು ಕೂಗಿ ಹೇಳಿದೆ. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವಳು ನನ್ನನ್ನು ಕಂಡು ಕೈ ಒರೆಸಿಕೊಂಡು ನಿಂತಳು. ನಡುವೆ ಎರಡು ಮಾರಿನಷ್ಟು ಜಾಗ ಬಿಟ್ಟು ನಾನೂ ನಿಂತೆ.

“ಎಷ್ಟು ದಿನ ಇರುತ್ತೆ ಮಿಸ್ ಅದು?” ಎಂದಳು.

ಸೂತಕ ಎಷ್ಟು ದಿನ ಎಂದು ಕೇಳುವ ಧಾಟಿಯಲ್ಲೇ ಕೇಳಿದ್ದಳು. ನಮ್ಮಲ್ಲಿ ಅದಕ್ಕೆ ಲೆಕ್ಕವಿದೆ: ಹನ್ನೊಂದನೆಯ ದಿನ ತಲೆಗೆ ನೀರು ಹಾಕಿಕೊಂಡರೆ ಮುಗಿಯಿತು. ಒಂದು ದಿನ ಎಂದಿದ್ದರೆ ಸಾಕಿತ್ತು. ನನಗೆ ಆ ಪ್ರಶ್ನೆ ಬಂದದ್ದೇ ತಡ, ಹಳೆಯ ಹುಚ್ಚು ಕೆರಳಿತು. “ಒಂದು ರೊಟ್ಟಿ ಇದೆ ಅಂದ್ಕೊ. ಆರು ಗಂಟೆಗೊಂದ್ಸಲ ಅರ್ಧ ಆಗುತ್ತೆ. ಅರ್ಧ, ಕಾಲು, ಅರೆಕಾಲು. ಒಂದು ದಿನಕ್ಕೆ ಹದಿನಾರರಲ್ಲಿ ಒಂದು ಪಾಲು ಉಳಿಯುತ್ತೆ.”

“ಪೂರ್ತಿ ಯಾವಾಗ ಹೋಗುತ್ತೆ?”

“ಪೂರ್ತಿ ಅನ್ನೋದೇ ಇಲ್ಲ ಕಣಮ್ಮ. ಲೆಕ್ಕದ ಪ್ರಕಾರ ಒಂದು ಚೂರು ಉಳಿದೇ ಉಳಿಯುತ್ತೆ. ಅದೇ ಅದರ ಚೆಂದ.” ಅದರ ಹೆಸರಿನ ಕಥೆ, ಹಸುವಿನ ಕಥೆ, ಅದು ಮೂಳೆಯನ್ನು ಹೋಗಿ ಹಿಡಿಯುವ ಬಗೆ ಎಲ್ಲವನ್ನೂ ಅರ್ಧ ಗಂಟೆ ಹೇಳಿದೆ. ಅವಳು ಹೊಟ್ಟೆಯ ಮೇಲೆ ಒದ್ದೆ ಕೈ ಇಟ್ಟುಕೊಂಡು ಕೇಳಿದಳು. ಕೊನೆಗೆ “ಮೂಳೆಗೆ ಏನಾದ್ರೂ ಆಗಿದ್ರೆ?” ಎಂದಳು. ಆಗಿದ್ದರೆ ಅಲ್ಲಿ ಟೆಕ್ನೀಶಿಯಂ ಹೆಚ್ಚು ಸೇರಿಕೊಂಡು ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ ಎಂದೆ. ಪಾಠ ಚೆನ್ನಾಗಿ ಆಯಿತು ಎಂಬ ತೃಪ್ತಿಯಲ್ಲಿ ಒಳಗೆ ಬಂದೆ.

ಅಂದು ಸಾಯಂಕಾಲ ಸೌಟಿನ ಸದ್ದು ಬರಲಿಲ್ಲ. ಕಾಗದದ ಪ್ರಕಾರ ಒಂದು ದಿನ ಕಳೆದಿತ್ತು. ಅವಲಕ್ಕಿ ಕಲಸಿಟ್ಟಿದ್ದೆ, ನಾನೇ ತಿಂದೆ. ಮಾರನೆಯ ದಿನ ಮಧ್ಯಾಹ್ನ ರಿಪೋರ್ಟು ಫೋನಿಗೆ ಬಂತು. ಮೂಳೆಗಳಲ್ಲಿ ಏನೂ ಇಲ್ಲ, ಬೆನ್ನುಮೂಳೆ ಸವೆದಿದೆ ಅಷ್ಟೇ ಎಂದು ಡಾಕ್ಟರೂ ಫೋನಿನಲ್ಲಿ ಹೇಳಿದರು. ಎರಡು ಸಲ ಓದಿದೆ. ಕಣ್ಣು ತುಂಬಿತು. ಮುಖ ತೊಳೆದು ಸಾರಿಗೆ ಬೇಳೆ ಇಟ್ಟೆ. ಅಷ್ಟೇ ನಾನು ಮಾಡಿದ್ದು.

ಮೂರನೆಯ ದಿನವೂ ಇಲ್ಲ, ನಾಲ್ಕನೆಯ ದಿನವೂ ಇಲ್ಲ. ಐದನೆಯ ದಿನ ಐದೂವರೆಗೆ ಸೌಟು ಬಾಗಿಲಿಗೆ ಎರಡು ಸಲ ತಗುಲಿತು. ನಾನು ಕುರ್ಚಿಯಿಂದ ಎದ್ದೆ. ಅಷ್ಟರಲ್ಲಿ ಆ ಕಡೆ ಅವಳ ದನಿ, “ಬೇಡ ಬಾರೇ ಈ ಕಡೆ, ಮಿಸ್ಸಜ್ಜಿಗೆ ಹುಷಾರಿಲ್ಲ.” ಮಗು ಅತ್ತಿತು. ನಾನು ಅಗುಳಿಯ ಮೇಲೆ ಕೈಯಿಟ್ಟುಕೊಂಡು ನಿಂತೆ, ತೆಗೆಯಲಿಲ್ಲ. ಎರಡು ದಿನಕ್ಕೇ ಇನ್ನೂರೈವತ್ತಾರರಲ್ಲಿ ಒಂದು ಪಾಲು ಆಗಿರುತ್ತದೆ, ಅಷ್ಟೂ ತಿಳಿಯದ ಬಿ.ಕಾಂ. ಎಂಥದು ಎಂದು ಸಿಟ್ಟು ಬಂತು. ಗಂಜಿ ಕೊಟ್ಟವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭವಲ್ಲ, ಆದರೂ ಮಾಡಿಕೊಂಡೆ. ಅವಳೇ ಬಂದು ಕೇಳಲಿ, ನಾನೇಕೆ ಹೋಗಲಿ? ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು ಎಂಬ ಬುದ್ಧಿ ಮೀಸೆಯಿಲ್ಲದ ನನಗೂ ಇದೆ.

ಆಮೇಲಿನ ದಿನಗಳನ್ನು ವಿವರವಾಗಿ ಹೇಳಲು ಏನೂ ಇಲ್ಲ. ಸಾಯಂಕಾಲ ಐದೂವರೆ ಆಗುತ್ತಿತ್ತು, ಏಳೂ ಆಗುತ್ತಿತ್ತು. ಒಂದು ದಿನ ಯಾರೊಡನೆಯೂ ಒಂದು ಮಾತನ್ನೂ ಆಡಿಲ್ಲ ಎಂಬುದು ಮಲಗುವಾಗ ಹೊಳೆದು, ಗಂಟಲು ಇದೆಯೋ ಇಲ್ಲವೋ ಎಂದು ಕೆಮ್ಮಿ ನೋಡಿಕೊಂಡೆ. ಮೂವತ್ತು ವರ್ಷ ಒಂಟಿಯಾಗಿಯೇ ಇದ್ದೆ, ಅದು ನೋಯಿಸಿರಲಿಲ್ಲ. ಒಂದು ಕೂಸು ದಿನಕ್ಕೆ ಒಂದೂವರೆ ಗಂಟೆ ಬಂದು ಆ ಅಭ್ಯಾಸವನ್ನು ಕೆಡಿಸಿಬಿಟ್ಟಿತ್ತು. ಒಂಬತ್ತನೆಯ ದಿನದಿಂದ ಆ ಕಡೆ ಮಗುವಿನ ಸದ್ದೇ ನಿಂತಿತು. ಓಡಾಟವಿಲ್ಲ, ಅಳುವಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಎದ್ದು ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿಕೊಂಡೆ. ಅವಳಿಗೆ ಬೇಕಾದದ್ದು ಲೆಕ್ಕವಲ್ಲ, ಒಂದು ಕೊನೆಯ ದಿನ ಎಂದು ನನಗೆ ಅರ್ಥವಾದದ್ದು ಅಷ್ಟು ತಡವಾಗಿ. ನಲವತ್ತನಾಲ್ಕು ಸಲ ಅರ್ಧವಾಗಿ ಹೋಗಿದ್ದ ವಸ್ತುವನ್ನು ಇಲ್ಲವೆಂದು ಹೇಳಲು ಹೊರಟೆ. ನಾನು ಕಲಿಸಿದ ವಿಷಯದಲ್ಲಿ ನಾನು ಹೇಳುವ ಮೊದಲ ಸುಳ್ಳು ಅದು. ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡು, ನಡುವಿನ ಬಾಗಿಲು ಬಿಟ್ಟು, ಬೀದಿಗೆ ಇಳಿದು ಅವಳ ಮುಂಬಾಗಿಲಿಗೆ ಹೋದೆ.

ಅವಳು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದ್ದು ನಿಲ್ಲಲು ಕಷ್ಟಪಟ್ಟಳು. ಮನೆಯಲ್ಲಿ ಮಗು ಇರಲಿಲ್ಲ.

“ತಲೆಗೆ ನೀರು ಹಾಕ್ಕೊಂಡೆ ಕಣಮ್ಮ. ಆ ಔಷಧಿ ಪೂರ್ತಿ ಹೋಯ್ತು. ಇನ್ನು ಒಂದು ಚೂರೂ ಇಲ್ಲ” ಎಂದೆ.

ಅವಳು ನನ್ನ ಕೂದಲನ್ನು ನೋಡಿದಳು, ನೆಲ ನೋಡಿದಳು. “ಅದು ನಂಗೊತ್ತು ಮಿಸ್. ಅವತ್ತೇ ಫೋನಲ್ಲಿ ನೋಡ್ದೆ. ಎರಡು ದಿನಕ್ಕೆ ಏನೂ ಇರಲ್ಲ ಅಂತ ಇತ್ತು.”

“ಮತ್ತೆ ಮಗು ಎಲ್ಲಿ?”

“ಹಿರೇನಲ್ಲೂರಿಗೆ ಕಳಿಸ್ದೆ, ನಮ್ಮವ್ವನ ತಾವ. ಅಂಗನವಾಡಿಗೆ ಸೇರ್ಸವ್ರೆ.” ಮೊರದ ಅಂಚು ಹಿಡಿದುಕೊಂಡಳು. “ಅವಳು ನಿಮ್ಮನ್ನ ಬಾಳ ಹಚ್ಕೊಂಡವ್ಳೆ ಮಿಸ್. ನಾಳೆ ನಿಮಗೇನಾರ ಆದ್ರೆ ಅವಳಿಗೆ ನಾನು ಏನಂತ ಹೇಳ್ಲಿ? ಈಗಿಂದ್ಲೇ ಒಸಿ ಮರೀಲಿ ಅಂತ.”

ನನಗೆ ಏನಾಗಿದೆ ಎಂದು ಕೇಳಿದೆ. ಅವಳು ತಲೆಯೆತ್ತಿ ನನ್ನನ್ನೇ ನೋಡಿದಳು.

“ನೀವು ಹೇಳ್ಲಿಲ್ಲ. ಸ್ಕ್ಯಾನ್ ಬಗ್ಗೆ ಅಷ್ಟು ಹೇಳಿದ್ರಿ, ಏನ್ ಬಂತು ಅಂತ ಹೇಳ್ಲೇ ಇಲ್ಲ. ಒಳ್ಳೇದಾಗಿದ್ರೆ ಒಂದು ಚಿಟಿಕೆ ಸಕ್ಕರೆ ಹಿಡ್ಕೊಂಡು ಬರ್ತಿದ್ರಿ. ಬರ್ಲಿಲ್ಲ. ಕೇಳೋಕೆ ನಂಗೆ ಧೈರ್ಯ ಬರ್ಲಿಲ್ಲ.”

ಅದು ನಿಜ. ನಮ್ಮ ಬೀದಿಯಲ್ಲಿ ಯಾವ ಒಳ್ಳೆಯ ಸುದ್ದಿಯೂ ಸಕ್ಕರೆಯಿಲ್ಲದೆ ಮನೆಯೊಳಗೆ ಕೂರುವುದಿಲ್ಲ. ಎಮ್ಮೆ ಈದರೆ, ಮಗಳನ್ನು ಗಂಡಿನವರು ಒಪ್ಪಿದರೆ, ಮಗ ಪಾಸಾದರೆ. ಅಷ್ಟು ವರ್ಷ ಎಷ್ಟು ಮಕ್ಕಳು ನನ್ನ ಅಂಗೈಗೆ ಸಕ್ಕರೆ ಹಾಕಿದ್ದಾರೋ ಲೆಕ್ಕವಿಲ್ಲ. ನಾನು ಯಾರ ಮನೆಗೂ ಒಯ್ದವಳಲ್ಲ. ಸುದ್ದಿ ಬಂದರೆ ಅದನ್ನು ಓದುವುದು, ಮುಖ ತೊಳೆಯುವುದು, ಬೇಳೆ ಇಡುವುದು. ಇನ್ನೊಬ್ಬರಿಗೆ ಹೇಳಬೇಕು ಎಂಬುದೇ ನನಗೆ ಹೊಳೆದಿರಲಿಲ್ಲ.

“ಏನೂ ಇಲ್ಲ ಅಂತ ಬಂತು ಕಣಮ್ಮ” ಎಂದೆ. “ಮೂಳೆ ಸವೆದಿದೆ, ವಯಸ್ಸಿಗೆ. ಬೇರೇನೂ ಇಲ್ಲ. ಒಂಬತ್ತು ದಿನ ಆಯ್ತು ಬಂದು.”

ಅವಳು ಮೊರ ಕೆಳಗಿಟ್ಟಳು. “ಒಂಬತ್ತು ದಿನ” ಎಂದಳು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ಗೋಡೆಗೊರಗಿದಳು. ಸಿಟ್ಟೋ ಅಳುವೋ ತಿಳಿಯಲಿಲ್ಲ, ಎರಡೂ ಇತ್ತೆಂದು ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಫೋನ್ ತೆಗೆದು ಹಿರೇನಲ್ಲೂರಿಗೆ ಹಚ್ಚಿದಳು. ಮಗು ಪಕ್ಕದ ಮನೆಯ ಮಕ್ಕಳ ಜೊತೆ ಆಟಕ್ಕೆ ಹೋಗಿದೆ, ಕರೆದರೆ ಬರುತ್ತಿಲ್ಲ ಎಂದರು ಆ ಕಡೆಯವರು. ಮುಂದಿನ ತಿಂಗಳು ಅವಳೂ ಹೆರಿಗೆಗೆ ಅಲ್ಲಿಗೇ ಹೋಗುವವಳು. ಬಾಣಂತನ ಮುಗಿಸಿಕೊಂಡು ಬರುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತದೆ. ಆ ವಯಸ್ಸಿನ ಮಗುವಿಗೆ ಅರ್ಧ ವರ್ಷ ಎಂದರೆ ಎಷ್ಟು ಎಂದು ನನಗೆ ಗೊತ್ತು.

“ನಿಮಗೆ ಹೇಳೋಕೆ ಯಾರೂ ಇರ್ಲಿಲ್ವಾ ಮಿಸ್?” ಎಂದಳು, ಮೂಗು ಒರೆಸಿಕೊಳ್ಳುತ್ತ.

“ಇಲ್ಲ ಅಂದ್ಕೊಂಡಿದ್ದೆ” ಎಂದೆ.

ಆಗ ಅವಳು ಹೇಳಿದ್ದು ಇಷ್ಟು. ನನ್ನ ಮನೆಯಲ್ಲಿ ಬೆಳಿಗ್ಗೆ ನಲ್ಲಿ ಬಿಟ್ಟ ಸದ್ದು ಕೇಳುವವರೆಗೂ ಅವಳು ದಿನವೂ ಆ ನಡುವಿನ ಬಾಗಿಲ ಹತ್ತಿರ ನಿಂತಿರುತ್ತಿದ್ದಳಂತೆ. ಸದ್ದು ಕೇಳಿದ ಮೇಲೆ ಹೋಗಿ ಒಲೆ ಹಚ್ಚುತ್ತಿದ್ದಳಂತೆ.